ಅಕ್ಕನ ಕುಮ್ಮಕ್ಕಿನಿಂದ

ರಿಜಿಸ್ಟರ್ ಪೋಸ್ಟಿನಲ್ಲಿ ಬಂದ ಆ ಕಾಗದ ತಂಗಿಯ ಹೆಸರಿಗಿತ್ತು. ಅವಳು ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋಗಿದ್ದಳು. ಅಂಚೆಯವರು ನಮ್ಮನ್ನು ಬಹಳ ವರ್ಷದಿಂದ ಬಲ್ಲವರು, ನನ್ನ ಸಹಿ ತೆಗೆದುಕೊಂಡು ಕೊಟ್ಟು ಹೋದರು. ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಲಕೋಟೆ ಒಡೆದೆ. ಇನ್ನೊಬ್ಬರ ಕಾಗದ ಒಡೆಯಬಾರದೆಂದು ಗೊತ್ತಿದ್ದೂ ಒಡೆದೆ.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ಓದುವುದನ್ನು ಮಾತ್ರ ಬಿಟ್ಟಿಲ್ಲ. ರೊಟ್ಟಿ ಸುತ್ತಲು ತರುವ ಹಳೆಯ ಪತ್ರಿಕೆಗಳನ್ನು ಓದಿಯೇ ಸುತ್ತುತ್ತೇನೆ. ಆದರೆ ಇದು ತಂಗಿಯ ಗಂಡನ ವಕೀಲರು ಬರೆದದ್ದು. ವಕೀಲರು ಬರೆಯುವ ಕನ್ನಡ ಬೇರೆ, ಒಂದು ವಾಕ್ಯ ಮುಗಿಯಲು ಅರ್ಧ ಪುಟ ಬೇಕು. ಎರಡು ಸಲ ಓದಿದ ಮೇಲೆ ಒಂದು ಸಾಲು ಬಿಡಿಸಲು ಬಂತು. ‘ನೀವು ನಿಮ್ಮ ಅಕ್ಕನ ಕುಮ್ಮಕ್ಕಿನಿಂದ ಯಾವುದೇ ಸಕಾರಣವಿಲ್ಲದೆ ಗಂಡನ ಮನೆಯನ್ನು ತೊರೆದು ಹೋಗಿದ್ದು, ಅದೇ ಕುಮ್ಮಕ್ಕಿನಿಂದ ಮರಳಿ ಬರಲು ನಿರಾಕರಿಸುತ್ತಿದ್ದೀರಿ.’ ಕಾಗದ ಮುಟ್ಟಿದ ಹದಿನೈದು ದಿನಗಳೊಳಗೆ ಬಂದು ಸಂಸಾರ ನಡೆಸದಿದ್ದರೆ ವಿಚ್ಛೇದನಕ್ಕೆ ದಾವೆ ಹೂಡುವುದಾಗಿ ಕೆಳಗೆ ಬರೆದಿತ್ತು.

ಕುಮ್ಮಕ್ಕು ಎಂಬ ಮಾತನ್ನು ಪತ್ರಿಕೆಯಲ್ಲಿ ಎಷ್ಟೋ ಸಲ ನೋಡಿದ್ದೆ. ಎಲ್ಲೋ ಕಲ್ಲು ತೂರಿದರೆ, ಬಸ್ಸಿನ ಗಾಜು ಒಡೆದರೆ, ಅದರ ಹಿಂದೆ ಯಾರದೋ ಕುಮ್ಮಕ್ಕು ಇರುತ್ತದೆ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಹೆಂಗಸಿಗೂ ಆ ಮಾತು ಸಲ್ಲುತ್ತದೆ ಎಂದು ತಿಳಿದಿರಲಿಲ್ಲ. ಎದೆ ಹಾರಿದ್ದು ಅದು ಸುಳ್ಳೆಂದಲ್ಲ. ಖರೆ ಇದ್ದುದರಿಂದ.

ನಮ್ಮವ್ವ ತೀರಿಕೊಂಡಾಗ ನನಗೆ ಹನ್ನೊಂದು, ತಂಗಿಗೆ ಮೂರು. ಅವ್ವ ಧಾರವಾಡದ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡುತ್ತಿದ್ದಳು. ಅವಳು ಕೂಡುತ್ತಿದ್ದ ಜಾಗದಲ್ಲಿ ನಾನು ಕೂತೆ. ಅಪ್ಪ ಇದ್ದಷ್ಟು ದಿನ ಅಮ್ಮಿನಬಾವಿ ಕಡೆಯಿಂದ ಒಳ್ಳೆಯ ಬಿಳಿಜೋಳ ನೋಡಿ ತಂದು ಹಾಕುತ್ತಿದ್ದ. ಅವನೂ ಹೋದ ಮೇಲೆ ಎಲ್ಲವೂ ನನ್ನ ತಲೆಯ ಮೇಲೆ ಬಂತು. ತಂಗಿಯನ್ನು ಶಾಲೆಗೆ ಹಾಕಿದೆ, ಹತ್ತನೆಯದರವರೆಗೆ ಓದಿಸಿದೆ, ಹುಬ್ಬಳ್ಳಿ ಕಡೆಯ ಸುಳ್ಳ ಎಂಬ ಊರಿನ ಒಂದು ಒಕ್ಕಲುತನದ ಮನೆಗೆ ಕೊಟ್ಟು ಲಗ್ನ ಮಾಡಿದೆ. ನನಗೆ ಲಗ್ನ ಆಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಯಾರೂ ಕೇಳಲೂ ಇಲ್ಲ. ಅವಳು ಗಂಡನ ಮನೆಗೆ ಹೋದ ಮರುದಿನ ಎರಡು ಒಲೆಗಳಲ್ಲಿ ಒಂದನ್ನು ಹೊತ್ತಿಸದೆ ಬಿಟ್ಟೆ. ಅವಳು ಅಲ್ಲಿದ್ದ ಮೂರು ವರ್ಷ ನಾನು ಮನೆಯೊಳಗೆ ಮಾತನಾಡಿದ್ದು ಬಹಳ ಕಡಿಮೆ.

ಅವಳು ಸಿಟ್ಟಾಗಿ ಬಂದದ್ದು ಸಣ್ಣ ಕಾರಣಕ್ಕೆ. ಆ ಮನೆಗೆ ಬೇರೆ ಕಡೆಯ ಬೀಗರು ಊಟಕ್ಕೆ ಬಂದಿದ್ದರಂತೆ. ಅತ್ತೆ ಎಲ್ಲರ ಎದುರಿಗೆ ಇವಳು ಮಾಡಿದ ರೊಟ್ಟಿಗಳನ್ನು ಎತ್ತಿಟ್ಟು, ದಪ್ಪ ಆಗಿವೆ, ಇವನ್ನು ಎಮ್ಮೆಗೆ ಹಾಕು ಎಂದು ಹೇಳಿ ತಾನೇ ಬೇರೆ ಬಡಿದು ಬಡಿಸಿದಳಂತೆ. ಬೇರೆ ಮನೆಯ ಹುಡುಗಿಯಾಗಿದ್ದರೆ ಎರಡು ದಿನ ಮುಖ ಉಬ್ಬಿಸಿಕೊಂಡು ಸುಮ್ಮನಾಗುತ್ತಿದ್ದಳು. ನಮ್ಮ ಮನೆಗೆ ರೊಟ್ಟಿಯೇ ಮಾನ. ತಂಗಿ ಸೀರೆ ಕೂಡ ಬದಲಿಸದೆ ಬಸ್ ಹತ್ತಿ ಬಂದುಬಿಟ್ಟಳು.

ಬಂದ ದಿನ ಅತ್ತಳು, ಮರುದಿನ ನಕ್ಕಳು, ಮೂರನೆಯ ದಿನ ಸಂಜೆ ಚೀಲ ತೆಗೆದಿಟ್ಟುಕೊಂಡು, ನಾಳೆ ಹೋಗ್ತೇನಕ್ಕಾ ಅಂದಳು. ಆಗ ನಾನು ಬಾಯಿ ತೆಗೆದೆ.

“ಅವರು ಕರಿಯಾಕ ಬರದ ನೀನಽ ಹೋದ್ರ ನಾಳೆ ನಿನ್ನ ರೊಟ್ಟಿ ಅಷ್ಟ ಅಲ್ಲ, ನಿನ್ನೂ ಎತ್ತಿ ಬಾಜೂಕ ಇಡ್ತಾರ. ಊರಿಗೆಲ್ಲಾ ರೊಟ್ಟಿ ಉಣ್ಣಸೂ ಮನಿ ಮಗಳು ನೀ. ಅವರಽ ಬರ್ಲಿ.”

ನಮ್ಮ ಕಡೆ ಸಿಟ್ಟಾಗಿ ತವರಿಗೆ ಬಂದವಳನ್ನು ಗಂಡನ ಮನೆಯವರು ಬಂದು ಕರೆಯಬೇಕು. ಕಾಯಿ, ಕುಬಸದ ಖಣ ಹಿಡಿದುಕೊಂಡು ಬರುತ್ತಾರೆ, ತವರಿನವರು ಊಟ ಹಾಕಿ ಉಡಿ ತುಂಬಿ ಕಳಿಸುತ್ತಾರೆ, ಯಾರು ಸೋತರು ಯಾರು ಗೆದ್ದರು ಎನ್ನುವುದು ಅಲ್ಲಿಗೆ ಮುಗಿಯುತ್ತದೆ. ಆದರೆ ಅವಳ ಅತ್ತೆಯ ಮನೆಯವರದೂ ಒಂದು ಪದ್ಧತಿ ಇತ್ತು. ಹೇಳದೆ ಹೋದವಳು ತಾನಾಗಿಯೇ ಬರಬೇಕು. ಹೀಗಾಗಿ ಅವರು ಅಲ್ಲಿ ಕಾಯುತ್ತ ಕುಳಿತರು, ನಾವು ಇಲ್ಲಿ.

ಅವಳ ಗಂಡ ಫೋನ್ ಮಾಡುತ್ತಿದ್ದ. ಮೊದಲ ವಾರ ದಿನಕ್ಕೆ ಎರಡು ಸಲ. ಫೋನಿನಲ್ಲಿ ಕರೆಯುವುದು ಕರೆಯುವುದಲ್ಲ ಎಂದು ನಾನು ಹೇಳಿದೆ. ಹೊಸ್ತಿಲ ತನಕ ಬರಲಾರದವನಿಗೆ ಹೆಂಡತಿ ಯಾಕೆ ಬೇಕು ಎಂದೂ ಹೇಳಿದೆ. ಫೋನ್ ಗುರಗುಟ್ಟಿದಾಗ ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಅವಳು ಅದನ್ನು ಮಗುಚಿ ಇಡುತ್ತಿದ್ದಳು. ಅವಳಿಗೆ ಅವನ ಮೇಲೆ ಜೀವ ಇತ್ತು. ಸುಳ್ಳದ ಕಡೆಯವರು ಯಾರಾದರೂ ಸಿಕ್ಕರೆ ಮಾತು ತಿರುಗಿಸಿ ತಿರುಗಿಸಿ ಅವನ ಸುದ್ದಿಗೇ ಬರುತ್ತಿದ್ದಳು. ಅದನ್ನು ನೋಡಿಯೂ ನಾನು ನೋಡಲಿಲ್ಲ.

ಯಾಕೆ ಹಾಗೆ ಮಾಡಿದೆ ಎನ್ನುವುದನ್ನು ಇಲ್ಲಿ ಬರೆಯಲೇಬೇಕು. ಅವಳು ಬಂದ ಮೇಲೆ ಎರಡನೆಯ ಒಲೆ ಹೊತ್ತಿತು. ಮುಂಜಾನೆ ನಾನು ಬಡಿದರೆ ಅವಳು ಬೇಯಿಸುವಳು, ಅವಳು ಬಡಿದರೆ ನಾನು. ಇಬ್ಬರ ಕೈ ಸಪ್ಪಳ ಒಂದರ ಹಿಂದೆ ಒಂದು ಬೀಳುತ್ತಿತ್ತು. ಹತ್ತು ಗಂಟೆಯೊಳಗೆ ಖಾನಾವಳಿಯ ಬುಟ್ಟಿ ತುಂಬುತ್ತಿತ್ತು. ಆಮೇಲೆ ಇಬ್ಬರೂ ಎದುರುಬದುರು ಕೂತು ಬಿಸಿ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದೆವು. ನನ್ನ ಭುಜದ ನೋವು ಹೋಯಿತು. ನಗುವುದು ಬಂತು. ಅವಳ ಮಾನಕ್ಕಾಗಿ ಇಷ್ಟೆಲ್ಲ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಮಾನದ ಮಾತು ಆಡುವಾಗ ನನ್ನ ಕಣ್ಣು ಆ ಎರಡನೆಯ ಒಲೆಯ ಮೇಲಿತ್ತು.

ಎಂಟನೆಯ ತಿಂಗಳಲ್ಲಿ ಅವನು ಬಂದ.

ಮಧ್ಯಾಹ್ನ, ತಂಗಿ ಹುಬ್ಬಳ್ಳಿಗೆ ರೊಟ್ಟಿ ಬೇಯಿಸುವ ಹೊಸ ಹಂಚು ತರಲು ಹೋದ ದಿನ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ. ಒಳಗೆ ಕರೆದೆ, ನೀರು ಕೊಟ್ಟೆ. ಚೀಲದಿಂದ ಒಂದು ತೆಂಗಿನಕಾಯಿ, ಹಸಿರು ಖಣ ತೆಗೆದು ನನ್ನ ಮುಂದಿಟ್ಟ. ಅವ್ವನಿಗೆ ಹೇಳದೆ ಬಂದಿದ್ದಾಗಿ ಹೇಳಿದ.

“ಅಕ್ಕಾರ, ತಪ್ಪು ನಮ್ಮವ್ವಂದೂ ಐತಿ, ಅಕಿದೂ ಐತಿ. ನನಗ ಅದೆಲ್ಲಾ ಬ್ಯಾಡ್ರಿ. ಅಕಿನ್ನ ಕಳಸ್ರಿ.”

ನಾನು ಇಷ್ಟು ದಿನ ಬೇಡುತ್ತಿದ್ದುದು ಇದನ್ನೇ ಅಲ್ಲವೆ? ಹೊಸ್ತಿಲು, ಕಾಯಿ, ಖಣ, ಬಾಯಿಮಾತು, ಎಲ್ಲವೂ ಎದುರಿಗಿತ್ತು. ಸಂಜೆಯ ತನಕ ಕೂಡ್ರಿ, ಅವಳು ಬರುತ್ತಾಳೆ ಎಂದಿದ್ದರೆ ಮುಗಿಯುತ್ತಿತ್ತು. ನಾನು, ಹಿರಿಯರಿಲ್ಲದೆ ಒಬ್ಬರೇ ಬಂದರೆ ಅದು ಕರೆದಂತಲ್ಲ ಎಂದೆ. ನಿಮ್ಮವ್ವ ಬರಲಿ ಎಂದೆ. ಅವನು ಕಾಯಿ ಖಣವನ್ನು ಇನ್ನಷ್ಟು ನನ್ನ ಕಡೆ ಸರಿಸಿದ. ಏಳಲಿಲ್ಲ. ತಂಗಿ ಬರುವ ಹೊತ್ತಾಗುತ್ತಿತ್ತು. ಆಗ ಇನ್ನೊಂದು ಮಾತು ನನ್ನ ಬಾಯಿಂದ ಬಂತು.

“ಅಕಿಗೆ ನಿಮ್ಮ ಮಾರಿ ನೋಡೂದು ಬ್ಯಾಡಾಗೇತಿ. ನನ್ನ ಮುಂದ ಅಕಿನಽ ಹೇಳ್ಯಾಳ.”

ಅವಳು ಎಂದೂ ಹಾಗೆ ಹೇಳಿರಲಿಲ್ಲ. ಅವನು ಎದ್ದ. ಚಪ್ಪಲಿ ಮೆಟ್ಟುವಾಗ ಒಂದು ಕಾಲು ತಪ್ಪಿ ಇನ್ನೊಂದರಲ್ಲಿ ಹೋಯಿತು, ಬಾಗಿ ಸರಿಮಾಡಿಕೊಂಡ. ಕಾಯಿ ಖಣ ಅಲ್ಲಿಯೇ ಉಳಿದವು. ಖಣವನ್ನು ಟ್ರಂಕಿನ ತಳಕ್ಕೆ ಹಾಕಿದೆ. ಕಾಯಿ ಒಡೆದು ಚಟ್ನಿ ಅರೆದೆ. ರಾತ್ರಿ ಊಟಕ್ಕೆ ಕೂತಾಗ ತಂಗಿ, ಕಾಯಿ ಎಲ್ಲಿಂದ ಬಂತು ಎಂದಳು. ನಾನು ರೊಟ್ಟಿ ಒಯ್ಯುವ ಮಾಳಮಡ್ಡಿ ಮನೆಯ ಬಾಯಾರು ಕೊಟ್ಟರು ಎಂದೆ. ಛಲೋ ಆಗೇತಿ ಎಂದು ಎರಡು ಸಲ ಹಾಕಿಸಿಕೊಂಡಳು.

ಅದಾಗಿ ಮೂರು ತಿಂಗಳಿಗೆ ನೋಟೀಸು ಬಂತು. ಇಷ್ಟರಲ್ಲಿ ಅವನ ಫೋನೂ ನಿಂತಿತ್ತು.

ಗಿರಣಿಯಿಂದ ಬಂದ ತಂಗಿ ಹಿಟ್ಟಿನ ಡಬ್ಬಿ ಇಳಿಸಿ ಕಾಗದವನ್ನು ನಿಂತೇ ಓದಿದಳು. ನನಗಿಂತ ಓದಿದವಳು, ಅವಳಿಗೆ ಒಂದೇ ಸಲ ಸಾಕಾಯಿತು. ಅಳುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಬಿಗಿಯಿತು.

“ನನಗ ಏನರ ಅಂದಿದ್ರ ತಡಕೊಂತಿದ್ನಿ. ನಿನ್ನ ಹೆಸರ ಹಾಕಿ ಬರಸ್ಯಾನಲ್ಲ. ತಾಯಿ ಆಗಿ ಜ್ವಾಪಾನ ಮಾಡಿದಾಕಿಗೆ ಇಂಥಾ ಮಾತು. ಇನ್ನ ನಾ ಹೋಗಂಗಿಲ್ಲ.”

ಒಲೆಯ ಕಡೆ ತಿರುಗಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದೆ. ಅದು ಆಗಲೇ ಹೊತ್ತಿತ್ತು.

ಈಗ ನನ್ನ ಸ್ಥಿತಿ ಹೇಗಿತ್ತೆಂದರೆ, ಆ ಕಾಗದದಲ್ಲಿದ್ದ ಮಾತು ಖರೆ, ಅವಳು ಅದನ್ನು ಸುಳ್ಳೆಂದು ನಂಬಿದ್ದಳು, ಮತ್ತು ಆ ನಂಬಿಕೆಯ ಮೇಲೆಯೇ ಗಂಡನನ್ನು ಬಿಡಲು ಹೊರಟಿದ್ದಳು. ನಾನು ಸುಮ್ಮನಿದ್ದರೆ ಅವಳು ನನ್ನ ಹತ್ತಿರವೇ ಉಳಿಯುತ್ತಾಳೆ. ಹದಿನೈದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಮಾಳಮಡ್ಡಿಯಲ್ಲಿ ನಾನು ವಾರಕ್ಕೆ ಮೂರು ದಿನ ರೊಟ್ಟಿ ಕೊಡುವ ಒಂದು ಮನೆ ಇದೆ. ನಿವೃತ್ತಿಯಾದ ಕನ್ನಡ ಮಾಸ್ತರು, ಅವರ ಹೆಂಡತಿ ಬಾಯಾರು. ಆ ವಾರ ರೊಟ್ಟಿ ಕೊಟ್ಟು ಹೊರಡುವಾಗ ಪಡಸಾಲೆಯಲ್ಲಿ ನಿಂತು, ಪತ್ರಿಕೆಯಲ್ಲಿ ಓದಿದೆನೆಂದು ಸುಳ್ಳು ಹೇಳಿ, ಕುಮ್ಮಕ್ಕು ಅಂದರೇನು ಸರ್ ಎಂದು ಕೇಳಿದೆ. ಆ ಮಾತಿಗೆ ಬೇರೆ ಏನಾದರೂ ಅರ್ಥ ಇದ್ದೀತು, ನನ್ನ ಮೇಲಿಂದ ಸ್ವಲ್ಪ ಇಳಿದೀತು ಎಂಬ ಆಸೆ.

ಮಾಸ್ತರಿಗೆ ಖುಷಿಯಾಯಿತು. ಅವರನ್ನು ಯಾರೂ ಏನೂ ಕೇಳದೆ ಬಹಳ ದಿನವಾಗಿತ್ತೆಂದು ಕಾಣುತ್ತದೆ.

“ಅದು ನಮ್ಮ ಮಾತಲ್ಲವ್ವಾ. ಉರ್ದು ಕಡಿಂದ ಬಂದದ್ದು, ಅವರಿಗೂ ಪಾರಸಿಯೊಳಗಿಂದ ಬಂತು. ಕುಮಕು ಅಂದ್ರ ಮದತ್ತು, ಸಹಾಯ. ದಂಡು ಸೋಲ್ಲಿಕ್ಕೆ ಹತ್ತಿದ್ರ ಹಿಂದಿನಿಂದ ಮತ್ತೊಂದು ದಂಡು ಕಳಸ್ತಿದ್ರು, ಅದಕ್ಕ ಅನ್ನೂ ಮಾತು. ಮೂಲದಾಗ ಏನೂ ಕೆಟ್ಟ ಇಲ್ಲ. ನಮ್ಮಲ್ಲಿಗೆ ಬಂದ ಮ್ಯಾಲೆ ಕೆಡ್ತು.”

ಒಳಗಿನಿಂದ ಬಾಯಾರು, ಅಕಿ ರೊಟ್ಟಿ ಕೊಡ್ಲಿಕ್ಕೆ ಬಂದಾಳ, ನೀವು ಸಾಲಿ ತಗದು ಕೂತ್ರಿ ಅಂದರು. ಮಾಸ್ತರು ಕೇಳಿಸಿಕೊಳ್ಳಲಿಲ್ಲ.

ಮದತ್ತು ಎಂಬ ಮಾತನ್ನು ಹಿಡಿದುಕೊಂಡು ಮನೆಯ ತನಕ ನಡೆದೆ. ನಾನು ಮಾಡಿದ್ದೂ ಅದೇ ಅಲ್ಲವೆ, ತಂಗಿ ಅಲ್ಲಿ ಸೋಲುತ್ತಿದ್ದಳು, ಹಿಂದೆ ಹೋಗಿ ನಿಂತೆ. ಅರ್ಧ ದಾರಿಯಲ್ಲಿ ಆ ಸಮಾಧಾನವೂ ಕರಗಿತು. ಮದತ್ತಿಗೆ ಹೋದ ದಂಡು ತಾನೂ ಹೊಡೆತ ತಿನ್ನುತ್ತದೆ. ನನಗೆ ಏನು ಹೊಡೆತ ಬಿದ್ದಿತ್ತು? ಗಂಡನನ್ನು ಕಳೆದುಕೊಳ್ಳುತ್ತಿದ್ದವಳು ಅವಳು. ನಾನು ಒಲೆಯ ಮುಂದೆ ಬೆಚ್ಚಗೆ ಕುಳಿತಿದ್ದೆ.

ಮುಂದಿನ ಸಲ ಹೋದಾಗ ಮಾಸ್ತರೇ ಕೂಗಿ ಕರೆದರು. ನಾನು ಕೇಳಿದ ಮಾತಿನ ಬಳಗವನ್ನೆಲ್ಲ ನೆನಪು ಮಾಡಿಟ್ಟಿದ್ದರು. ಚಿತಾವಣೆ ಮರಾಠಿಯಿಂದ ಬಂದದ್ದು, ಅದರ ಹಿಂದಿನ ಬೇರು ತಮಗೂ ಪಕ್ಕಾ ಗೊತ್ತಿಲ್ಲ ಎಂದರು. ಪುಸಲಾಯಿಸುವುದೂ ಮರಾಠಿ, ಹಿಂದಿ ಕಡೆಯ ಮಾತೇ. ಪ್ರಚೋದನೆ ಸಂಸ್ಕೃತ. ಮುಂದಕ್ಕೆ ನೂಕುವುದು, ಓಡಿಸುವುದು ಎಂದು ಅದರ ಬುಡದ ಅರ್ಥ.

“ನಾ ದಿನಾ ಮುಂಜಾನೆ ಸಂಧ್ಯಾವಂದನಿಯೊಳಗ ಹೇಳೂ ಮಂತ್ರದಾಗೂ ಅದೇ ಧಾತು ಅದ. ನಮ್ಮ ಬುದ್ಧಿನ್ನ ಮುಂದಕ್ಕ ನೂಕು ಅಂತ ಕೇಳ್ಕೊಳ್ಳೂದು. ನಾ ಹೇಳಿದ್ರ ಪುಣ್ಯ, ಪೊಲೀಸ್ರು ಬರಕೊಂಡ್ರ ಅಪರಾಧ” ಎಂದು ನಕ್ಕರು.

ನಮ್ಮ ಮನೆಯಲ್ಲಿ ಇಂಥ ದೊಡ್ಡ ಮಾತುಗಳಿಲ್ಲ. ನಾವು ಹಚ್ಚಿಕೊಡುವುದು ಎನ್ನುತ್ತೇವೆ, ಕಿವಿ ತುಂಬುವುದು ಎನ್ನುತ್ತೇವೆ. ನಾಯಿಯನ್ನು ಛೂ ಬಿಡುವುದು ಎನ್ನುವುದನ್ನು ಮನುಷ್ಯರಿಗೂ ಹೇಳುತ್ತೇವೆ. ಹೊಗಳಿ ಹೊಗಳಿ ಒಬ್ಬರನ್ನು ಮುಂದೆ ಮಾಡಿದರೆ ಕಡಲೆ ಗಿಡ ಹತ್ತಿಸಿದರು ಎನ್ನುವುದುಂಟು. ಕಡಲೆ ಗಿಡ ಮೊಣಕಾಲಿಗೆ ಬರುವುದಿಲ್ಲ, ಅದನ್ನು ಹತ್ತಿ ನಿಂತವನಿಗೆ ಮಾತ್ರ ತಾನು ಎತ್ತರದಲ್ಲಿ ಇದ್ದೇನೆ ಅನ್ನಿಸುತ್ತಿರುತ್ತದೆ. ‘ಊರಿಗೆಲ್ಲಾ ರೊಟ್ಟಿ ಉಣ್ಣಸೂ ಮನಿ ಮಗಳು’ ಎಂದು ನಾನು ತಂಗಿಯನ್ನು ಹತ್ತಿಸಿದ್ದು ಅಂಥ ಗಿಡವನ್ನೇ.

ಹುರಿದುಂಬಿಸುವುದರ ಬಗ್ಗೆ ನಾನೇ ಕೇಳಿದೆ. ಹುರಿ ಎಂದರೆ ಹಗ್ಗದ ಹುರಿಯೇ, ಅದನ್ನು ತುಂಬಿಸುವುದು, ಮೆತ್ತಗಿದ್ದುದನ್ನು ಗಟ್ಟಿ ಮಾಡುವುದು ಎಂದರು ಮಾಸ್ತರು. ನಮ್ಮಪ್ಪ ಪುಂಡಿ ನಾರಿನ ಹಗ್ಗ ಹೊಸೆಯುವುದನ್ನು ನೋಡಿದ್ದೆ. ಹುರಿ ಹೆಚ್ಚಾದರೆ ಹಗ್ಗ ನೆಟ್ಟಗೆ ನಿಲ್ಲದೆ ತನ್ನ ಮೇಲೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ. ಅದನ್ನು ಮಾಸ್ತರಿಗೂ ಹೇಳಿದೆ.

ಹೋಗಬೇಕೆನ್ನುವವರನ್ನು ಹೋಗದಂತೆ ಮಾಡುವುದಕ್ಕೆ ಏನು ಮಾತು ಸರ್ ಎಂದೆ. ತಡೆಯುವುದು ಎಂದರು. ತಡೆಯದೆ, ಬೇಡ ಎಂದೂ ಅನ್ನದೆ, ಅವರೇ ಬೇಡ ಅನ್ನುವಂತೆ ಮಾಡಿದರೆ? ಅವರು ಬೆರಳು ಮಡಚಿ ಒಂದೊಂದೇ ಮಾತನ್ನು ಎಣಿಸಿ ನೋಡಿದರು.

“ಅದಕ್ಕ ಬ್ಯಾರೆ ಮಾತಿಲ್ಲವ್ವಾ. ಅದೂ ಕುಮ್ಮಕ್ಕೇ. ಯಾಕ, ಯಾರರ ನಿನಗ ಮಾಡ್ಯಾರೇನು?”

ಇಲ್ಲ ಸರ್ ಎಂದು ಖಾಲಿ ಬುಟ್ಟಿ ಎತ್ತಿಕೊಂಡು ಬಂದೆ.

ನೋಟೀಸು ಬಂದ ಏಳನೆಯ ದಿನ ತಂಗಿ ನನ್ನನ್ನೂ ಕರೆದುಕೊಂಡು ಒಬ್ಬ ವಕೀಲರ ಹತ್ತಿರ ಹೋದಳು. ಅವಳು ಮೊದಲೇ ಕಾಗದ ಕೊಟ್ಟು ಬಂದಿದ್ದಳು, ಅವರು ಉತ್ತರ ಬರೆದಿಟ್ಟಿದ್ದರು. ಓದಿ ಹೇಳಿದರು. ಅಕ್ಕನ ಕುಮ್ಮಕ್ಕು ಎಂಬುದು ಶುದ್ಧ ಸುಳ್ಳು, ಅಕ್ಕನವರು ಎಂದೂ ಗಂಡ ಹೆಂಡಿರ ನಡುವೆ ಬಂದವರಲ್ಲ, ಬದಲಾಗಿ ಹನ್ನೊಂದು ತಿಂಗಳಾದರೂ ಗಂಡನಾದವನು ಒಮ್ಮೆಯೂ ಬಂದು ಕರೆಯಲಿಲ್ಲ. ಇದನ್ನು ಅಕ್ಕನವರೂ ಒಂದು ಹೇಳಿಕೆ ಬರೆದು ಸಹಿ ಮಾಡಿಕೊಟ್ಟರೆ ಗಟ್ಟಿಯಾಗುತ್ತದೆ ಎಂದರು. ತಂಗಿ ನನ್ನ ಕೈಗೆ ಪೆನ್ನು ಕೊಟ್ಟಳು. ಒಮ್ಮೆಯೂ ಬರಲಿಲ್ಲ ಎನ್ನುವಲ್ಲಿ ಅವಳ ಕಣ್ಣು ತುಂಬಿದ್ದನ್ನು ನೋಡಿದೆ. ಅವಳಿಗೆ ಚುಚ್ಚಿದ್ದು ಕುಮ್ಮಕ್ಕಿನ ಮಾತಲ್ಲ, ಇದು.

ಕನ್ನಡಕ ತಂದಿಲ್ಲ, ಓದದೆ ಸಹಿ ಮಾಡುವುದಿಲ್ಲ ಎಂದೆ. ನನಗೆ ಕನ್ನಡಕವೇ ಇಲ್ಲ. ತಂಗಿ ನನ್ನನ್ನು ಒಂದು ನಮೂನೆ ನೋಡಿದಳು. ವಕೀಲರು, ನಾಳೆ ಬರ್ರಿ ಹಂಗಾದ್ರ ಅಂದರು.

ಮರುದಿನ ಮುಂಜಾನೆ ಇಬ್ಬರೂ ಒಲೆಯ ಮುಂದೆ ಕೂತಿದ್ದೆವು. ಅವಳು ಬಡಿಯುತ್ತಿದ್ದಳು. ನಾನು ಎದ್ದು ಹೋಗಿ ಟ್ರಂಕಿನ ತಳದಿಂದ ಖಣ ತಂದು ಅವಳ ಮಗ್ಗುಲಿಗೆ ಇಟ್ಟೆ. ಬಂದಿದ್ದ, ನೀ ಹಂಚು ತರಾಕ ಹೋದ ದಿನ, ಎಂದೆ.

ಅವಳ ಕೈ ನಿಲ್ಲಲಿಲ್ಲ. ರೊಟ್ಟಿ ಅಗಲವಾಗುತ್ತ ಆಗುತ್ತ ತೆಳ್ಳಗಾಗಿ ಅಂಚಿನಲ್ಲಿ ಸೀಳಿತು. ಸೀಳಿದರೂ ಬಡಿಯುತ್ತಲೇ ಇದ್ದಳು.

“ಏನಂದಾ? ಅಂದಿದ್ದು ಅಂದಂಗ ಹೇಳು.”

ಹೇಳಿದೆ. ಅವನ ಮಾತನ್ನೂ ನನ್ನ ಮಾತನ್ನೂ ಹೇಳಿದೆ. ಮಾರಿ ನೋಡುವುದು ಬೇಡಾಗಿದೆ ಎಂದು ನೀನೇ ಅಂದಿದ್ದೀಯೆಂದು ಅವನಿಗೆ ಸುಳ್ಳು ಹೇಳಿದೆ ಎಂದೆ. ಕಾಯಿಯ ಸಂಗತಿ ಹೇಳಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದಳು. ನೀ ಇರಲಿ ಅಂತ, ಎಂದೆ.

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಛಲೋ ಇತ್ತು. ಹಂಚಿನ ಕೆಳಗಿನ ಉರಿಯನ್ನು ಹಿಂದಕ್ಕೆ ಎಳೆದು, ಮಂಡಿಯ ಮೇಲೆ ಗದ್ದ ಊರಿದಳು.

“ಈಗ ನಾ ಹೋದ್ರ ನೀ ಕಳಿಸಿದಂಗ ಆಗತೈತಿ. ಹೋಗಲಿಲ್ಲಂದ್ರ ನೀ ಇಟಗೊಂಡಂಗ ಆಗತೈತಿ. ನಂದು ಅನ್ನೂದು ಇದರಾಗ ಏನ ಉಳೀತಕ್ಕಾ?”

ಇನ್ನೂ ಒಂದು ಮಾತು ಹೇಳಿದಳು. ಅಷ್ಟೂ ತಪ್ಪು ನಿನ್ನದೇ ಎಂದು ತಿಳಿದುಕೊಳ್ಳಬೇಡ, ಫೋನ್ ಮಗುಚಿ ಇಟ್ಟ ಕೈ ನನ್ನದು. ಆಮೇಲೆ ನನಗೊಂದು ಕಟ್ಟು ಹಾಕಿದಳು. ಉಳಿದ ದಿನಗಳಲ್ಲಿ ನಾನು ಅವಳಿಗೆ ಹೋಗು ಅನ್ನಬಾರದು, ಇರು ಅನ್ನಬಾರದು. ತಪ್ಪಾಯಿತು ಎಂದೂ ಅನ್ನಬಾರದು, ಅದನ್ನು ಕೇಳಿದರೆ ತನ್ನ ಮನಸ್ಸು ಒಂದು ಕಡೆ ವಾಲುತ್ತದೆ ಎಂದಳು.

ಅದನ್ನು ಪಾಲಿಸುವುದು ಸುಲಭ ಎಂದುಕೊಂಡಿದ್ದೆ. ಬಾಯಿ ಮುಚ್ಚಿದರೂ ಕೈ ಮಾತನಾಡುತ್ತದೆ ಎಂದು ಆಗ ಗೊತ್ತಾಯಿತು. ಅವಳ ಒಳ್ಳೆಯ ಸೀರೆಯನ್ನು ಒಗೆದು ಮಡಚಿ ಇಡಲು ಹೋದೆ. ಅದು ಹೋಗು ಎಂದಂತೆ ಕಂಡು ಬಿಟ್ಟೆ. ಅವಳಿಗೆ ಇಷ್ಟವೆಂದು ಬದನೆಕಾಯಿ ತಂದೆ. ಎಣ್ಣೆಗಾಯಿ ಮಾಡಿ ಬಡಿಸಿದರೆ ಇರು ಎಂದಂತಾಗುತ್ತದೆ ಎಂದು ಹೋಳು ಮಾಡಿ ಸಾದಾ ಪಲ್ಯ ಮಾಡಿದೆ. ನಿಟ್ಟುಸಿರು ಬಿಟ್ಟರೆ ಅದೂ ಒಂದು ನೂಕು. ಎರಡು ಕೋಣೆಯ ಮನೆಯಲ್ಲಿ ನಾನು ಎಲ್ಲಿ ನಿಂತರೂ ಅವಳ ದಾರಿಯಲ್ಲಿ ನಿಂತಂತೆ ಇತ್ತು. ಹಿಟ್ಟು ಕಲಸುವುದು, ಬಡಿಯುವುದು, ಬುಟ್ಟಿ ತುಂಬುವುದು, ಇಷ್ಟನ್ನು ಬಿಟ್ಟು ಬೇರೇನನ್ನೂ ಮಾಡಲು ಹೆದರಿಕೆ. ಮಾಳಮಡ್ಡಿಗೆ ಹೋದಾಗಲೂ ಪಡಸಾಲೆಯಲ್ಲಿ ನಿಲ್ಲದೆ ರೊಟ್ಟಿ ಕೊಟ್ಟು ಬಂದೆ.

ವಕೀಲರ ಕಾಗದಕ್ಕೆ ಅವಳು ಸಹಿ ಹಾಕಲಿಲ್ಲ. ಹನ್ನೆರಡನೆಯ ದಿನ ಒಬ್ಬಳೇ ಸುಳ್ಳಕ್ಕೆ ಹೋದಳು, ಯಾರೂ ಕರೆಯದೆ. ಸಂಜೆ ಆರಕ್ಕೆ ತಿರುಗಿ ಬಂದಳು. ಕಾಲು ತೊಳೆದುಕೊಂಡು ಬಂದು ನನ್ನ ಎದುರಿಗೆ ಕೂತು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

ಅವನು ಹೊಲದಲ್ಲಿದ್ದನಂತೆ, ಹೇಳಿ ಕಳಿಸಿದ ಮೇಲೆ ಬಂದನಂತೆ. ನಾನು ಹೇಳಿದ ಸುಳ್ಳನ್ನು ಇವಳು ಬಿಡಿಸಿ ಹೇಳಿದಾಗ ಅವನು ಗೋಡೆಗೆ ಆತು ನಿಂತುಬಿಟ್ಟನಂತೆ. ನೋಟೀಸು ಹಿಂದೆ ತೆಗೆದುಕೊಳ್ಳಲು ಒಪ್ಪಿದ. ಅತ್ತೆ ಒಪ್ಪಬೇಕಾಗಿತ್ತು. ಮಗ ತನ್ನ ಕಣ್ಣು ತಪ್ಪಿಸಿ ಕಾಯಿ ಖಣ ಒಯ್ದದ್ದೂ, ನಮ್ಮ ಬಾಗಿಲಿನಿಂದ ತಿರುಗಿ ಬಂದದ್ದೂ ಅವಳಿಗೆ ಅಂದೇ ಮೊದಲು ಗೊತ್ತಾದದ್ದು. ಬಹಳ ಹೊತ್ತು ಕೂಗಾಡಿ ಕಡೆಗೆ ಒಂದು ಕರಾರು ಹಾಕಿದಳು. ಸೊಸೆ ಬರಲಿ, ಆದರೆ ಆ ಅಕ್ಕನ ಹೊಸ್ತಿಲು ತುಳಿಯಬಾರದು, ಅಕ್ಕ ಇತ್ತ ಕಾಲಿಡಬಾರದು, ಫೋನೂ ಬೇಡ. ಯಾವತ್ತು ಇದು ಮುರಿಯುತ್ತದೋ ಅವತ್ತು ಇವಳ ಚೀಲ ಅಂಗಳದಲ್ಲಿರುತ್ತದೆ.

ಹೇಳಿ ಮುಗಿಸಿ ತಂಗಿ ನನ್ನ ಮುಖ ನೋಡಿದಳು. ಮೊದಲು ಫೋನ್ ಬಂದಾಗ ನೋಡುತ್ತಿದ್ದಳಲ್ಲ, ಹಾಗೆಯೇ. ಅವಳ ರೂಢಿ ಅದು, ನಾನೇ ಹಾಕಿಕೊಟ್ಟದ್ದು. ನನ್ನ ಕುತ್ತಿಗೆ ಅಲುಗಿದರೂ ಅದು ಒಂದು ಕಡೆಗೆ ಉತ್ತರವಾಗುತ್ತಿತ್ತು. ಮುಂದಿದ್ದ ಹಿಟ್ಟು ಕಲಸುವ ಪರಾತದ ಅಂಚು ಹಿಡಿದುಕೊಂಡು ನೆಲ ನೋಡುತ್ತ ಕುಳಿತೆ. ಅವಳು ಎದ್ದು ಹೋದದ್ದು ಕಾಲಸಪ್ಪಳದಿಂದ ಗೊತ್ತಾಯಿತು.

ಹದಿನಾಲ್ಕನೆಯ ದಿನ ಮುಂಜಾನೆ ಎಂದಿನಂತೆ ಇಬ್ಬರೂ ಖಾನಾವಳಿಯ ರೊಟ್ಟಿ ಮುಗಿಸಿದೆವು. ಅವಳು ಕೈ ತೊಳೆದು, ಹಸಿರು ಖಣವನ್ನು ಚೀಲದ ಮೇಲ್ಭಾಗದಲ್ಲಿ ಇಟ್ಟುಕೊಂಡು, ಸೀರೆ ಉಟ್ಟು ಬಂದಳು. ಉಡಿ ತುಂಬಲು ಅಕ್ಕಿ, ಕುಬಸ ಎಲ್ಲಿವೆ ಎಂದು ನನಗೆ ಗೊತ್ತಿತ್ತು. ಎದ್ದು ಕೊಡುವುದೋ ಬೇಡವೋ ತಿಳಿಯಲಿಲ್ಲ. ಅವಳೇ ಡಬ್ಬಿಯಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡು ತನ್ನ ಸೆರಗಿನಲ್ಲಿ ತಾನೇ ಕಟ್ಟಿಕೊಂಡಳು. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಭುಜಕ್ಕ ಬೆಳ್ಳುಳ್ಳಿ ಎಣ್ಣಿ ಹಚ್ಕೊಂತಿರು ಎಂದಳು. ಅಷ್ಟೇ.

ಇದಾಗಿ ಎರಡು ವರ್ಷವಾಗುತ್ತ ಬಂತು. ಅವಳು ಹೇಗಿದ್ದಾಳೆ, ಸುಖವಾಗಿದ್ದಾಳೋ, ಮಕ್ಕಳು ಮರಿ ಏನಾದರೂ ಉಂಟೋ ಗೊತ್ತಿಲ್ಲ. ಸುಳ್ಳದವರು ಸಂತೆಯಲ್ಲಿ ಕಂಡರೆ ನಾನೇ ತಪ್ಪಿಸಿಕೊಂಡು ಹೋಗುತ್ತೇನೆ. ವಿಚಾರಿಸಿದ್ದು ಅವಳ ಅತ್ತೆಯ ಕಿವಿಗೆ ಬಿದ್ದರೆ ಏನೆಂದು ತಿಳಿಯುತ್ತಾಳೋ.

ಹೋದ ತಿಂಗಳು ಹುಬ್ಬಳ್ಳಿಗೆ ಹೋಗಿದ್ದೆ. ಕೆಲಸ ಮುಗಿಸಿ ಬಸ್ ನಿಲ್ದಾಣದಲ್ಲಿ ಧಾರವಾಡದ ಬಸ್ಸಿಗೆ ಕಾಯುವಾಗ ಸುಳ್ಳದ ಬಸ್ ಬಂದು ನಿಂತಿತು. ಜನ ಹತ್ತಿದರು, ನಾನೂ ಹತ್ತಿದೆ. ಕಿಟಕಿಯ ಹತ್ತಿರ ಕೂಡಲು ಜಾಗ ಸಿಕ್ಕಿತು. ಮಗ್ಗುಲಲ್ಲಿದ್ದ ಮುದುಕಿ ಮೆಂತ್ಯೆಸೊಪ್ಪಿನ ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡು, ಸರದು ಕುಂದ್ರವ್ವಾ, ಯಾರ ಮನಿಗೆ ಹೊಂಟಿ ಎಂದಳು. ಉತ್ತರ ಬಾಯಿಗೆ ಬಂದಿತ್ತು. ಡ್ರೈವರ್ ಗಾಡಿ ಚಾಲು ಮಾಡಿದ. ಕಂಡಕ್ಟರ್ ಟಿಕೀಟು ಕೇಳುತ್ತ ಹಿಂದಿನಿಂದ ಬಂದ. ತಪ್ಪು ಬಸ್ ಹತ್ತೇನಿ ಎಂದು ಹೇಳಿ, ಜನರನ್ನು ಸರಿಸಿಕೊಂಡು ಕೆಳಗಿಳಿದೆ.